ಹಡಗಿಲ್ಲದ ದಕ್ಕೆ

ಅಮೆರಿಕದ ನೌಕಾಸೇನೆಯಲ್ಲಿದ್ದ ಕಾಲದಲ್ಲಿ ರಾಯ್ಸ್ ಬ್ಯಾಟನ್ ಆರಾರು ತಿಂಗಳು ಸಮುದ್ರದ ಮೇಲೆ ಕಳೆದು ನಾರ್ಫೋಕ್ ಬಂದರಿಗೆ ಮರಳುತ್ತಿದ್ದ. ಹಾರ್ಲನ್ ಟೀಗ್ ಅವನ ಬಾಳಿಗೆ ಬಂದ ಮೇಲೆ ಹೀಗೆ ಐದು ಸಲ ಮರಳಿದ. ಹಡಗು ಬರುವ ದಿನ ದಕ್ಕೆಯ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೆಂಡಂದಿರು, ಅಪ್ಪನ ಮುಖವನ್ನೇ ನೋಡಿರದ ಕೂಸುಗಳು, ಊರುಗೋಲು ಹಿಡಿದ ಅಪ್ಪಂದಿರು, ಹಳೆ ಚಾದರದ ಮೇಲೆ ಬಣ್ಣದಲ್ಲಿ ಬರೆದ ಸ್ವಾಗತದ ಮಾತುಗಳು, ಬ್ಯಾಂಡಿನವರು. ಆ ಗುಂಪಿನಲ್ಲಿ ಹಾರ್ಲನ್ ಇರುತ್ತಿರಲಿಲ್ಲ. ಇರುವ ಹಾಗಿರಲಿಲ್ಲ. ಸಲಿಂಗಿಗಳಿಗೆ ಸೇನೆಯಲ್ಲಿ ಜಾಗವಿಲ್ಲ ಎಂಬ ಕಾಲ ಅದು. ಈ ಗಂಡಸನ್ನು ಕರೆದೊಯ್ಯಲು ಪ್ರತಿಸಲವೂ ಅದೇ ಒಬ್ಬ ಗಂಡಸು ಬರುತ್ತಾನಲ್ಲ ಎಂದು ಯಾವನಾದರೂ ಅಧಿಕಾರಿಯ ತಲೆಗೆ ಹೊಳೆದರೆ ಸಾಕಿತ್ತು. ಮೊದಲು ವಿಚಾರಣೆ, ಆಮೇಲೆ ನೌಕರಿ, ಅದರ ಹಿಂದೆಯೇ ಪಿಂಚಣಿ, ಎಲ್ಲವೂ ನೀರುಪಾಲು.

ಹಾಗಾಗಿ ಆ ದಿನಗಳಲ್ಲಿ ಹಾರ್ಲನ್ ವಿಲೊಬಿ ದಡದಲ್ಲಿದ್ದ 'ಪೆಲಿಕನ್' ಎಂಬ ತಿಂಡಿಮನೆಯಲ್ಲಿ ಕೂರುತ್ತಿದ್ದ. ಬಂದರಿಗೆ ಹೋಗುವ ಹಡಗುಗಳೆಲ್ಲ ಅದರ ಮುಂದೆಯೇ ಹಾದುಹೋಗಬೇಕು. ತನ್ನ ಹಸಿರು ಪಿಕಪ್ ಗಾಡಿಯನ್ನು ಸಮುದ್ರದ ಕಡೆ ಮೂತಿ ಮಾಡಿ ನಿಲ್ಲಿಸಿ, ಬೆಳಗ್ಗೆ ಆರಕ್ಕೇ ಕಿಟಕಿ ಪಕ್ಕದ ಮೇಜು ಹಿಡಿಯುತ್ತಿದ್ದ. ಹಡಗು ಹಾದುಹೋಗುವುದನ್ನು ನೋಡುತ್ತಿದ್ದ. ಅದಾಗಿ ಮೂರು ನಾಲ್ಕು ಗಂಟೆ ಕಳೆದ ಮೇಲೆ ರಾಯ್ಸ್ ಟ್ಯಾಕ್ಸಿ ಮಾಡಿಕೊಂಡು ಬಂದು, ಚೀಲ ಕೆಳಗಿಟ್ಟು, ದೂರದ ನೆಂಟರ ಹಾಗೆ ಕೈ ಕುಲುಕಿ ಎದುರಿಗೆ ಕೂರುತ್ತಿದ್ದ. ನೆರೆಹೊರೆಯವರ ಲೆಕ್ಕದಲ್ಲಿ ಹಾರ್ಲನ್ ಮನೆಯ ಮಾಲೀಕ, ರಾಯ್ಸ್ ಮೇಲಿನ ಕೋಣೆಯ ಬಾಡಿಗೆಯವನು.

ಐದರಲ್ಲಿ ಒಂದು ಸಲ ಮಾತ್ರ ಹಾರ್ಲನ್ ದಕ್ಕೆಗೆ ಹೋಗಿದ್ದ. ಹೋಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ರಾಯ್ಸ್‌ಗೂ ಹೇಳಿರಲಿಲ್ಲ.

ರಾಯ್ಸ್ ನಿವೃತ್ತನಾಗಿ ಹದಿನಾಲ್ಕು ವರ್ಷ ಕಳೆದಿತ್ತು. ಸಲಿಂಗಿಗಳನ್ನು ಸೇನೆಯಿಂದ ಹೊರಗಿಡುವ ಕಾನೂನು ಹೋಗಿ ಆಗಿನ್ನೂ ಆರು ತಿಂಗಳಾಗಿತ್ತು. ಆಗ ಒಂದು ಭಾನುವಾರ ಲಿಗಾಯಾ ಮಗ್ಸಿನೊ ಎಂಬ ಹುಡುಗಿ ಇವರ ಮನೆಯ ಬಾಗಿಲು ತಟ್ಟಿದಳು. ಇಪ್ಪತ್ತೆಂಟು ವರ್ಷ, ಗಿಡ್ಡ ಕೂದಲು, ಬೆನ್ನಿಗೊಂದು ಚೀಲ. ಅವಳ ಅಪ್ಪ ಬೆನಿಗ್ನೊ ಫಿಲಿಪೀನ್ಸಿನಿಂದ ಬಂದು ನೌಕಾಸೇನೆ ಸೇರಿ, ರಾಯ್ಸ್ ಚೀಫ್ ದರ್ಜೆಯಲ್ಲಿದ್ದ ಹಡಗಿನಲ್ಲೇ ಮೂರು ವರ್ಷ ಅಡುಗೆ ಮಾಡಿದ್ದವನು. ಮಗಳು ವಾರವೆಲ್ಲ ಮದುವೆಗಳ ವೀಡಿಯೊ ತೆಗೆದು ದುಡಿದು, ಉಳಿದ ಹೊತ್ತಿನಲ್ಲಿ ತನ್ನದೇ ಒಂದು ಸಿನಿಮಾ ಮಾಡಲು ಹೊರಟಿದ್ದಳು. ಕಥೆ ತೊಂಬತ್ತರ ದಶಕದ ಒಬ್ಬ ನಾವಿಕನದು, ಅವನನ್ನು ಪ್ರೀತಿಸುವ ಇನ್ನೊಬ್ಬ ಗಂಡಸಿನದು.

"ನನಗೆ ಹಡಗು ಗೊತ್ತಿಲ್ಲ ರಾಯ್ಸ್ ಅಂಕಲ್. ಸೆಲ್ಯೂಟ್ ಹೊಡೆಯೋದು ಕೂಡ ಸರಿಯಾಗಿ ಗೊತ್ತಿಲ್ಲ. ಅಪ್ಪನ್ನ ಕೇಳಿದ್ರೆ, ನಾನು ಕಂಡಿದ್ದು ಬರೀ ಆಲೂಗಡ್ಡೆ, ನೀನು ಚೀಫ್ ಬ್ಯಾಟನ್‌ನ ಕೇಳು ಅಂದ್ರು," ಎಂದಳು.

"ಕಥೆ ಏನು ಅಂತ ನಿಮ್ಮಪ್ಪಂಗೆ ಹೇಳಿದ್ಯಾ?" ರಾಯ್ಸ್ ಕೇಳಿದ.

"ಹೇಳ್ದೆ."

"ಹೇಳಿದ ಮೇಲೂ ನನ್ನ ಹೆಸರೇ ಹೇಳಿದ್ನಾ?"

"ಹೇಳಿದ ಮೇಲೇನೇ ನಿಮ್ಮ ಹೆಸರು ಹೇಳಿದ್ದು."

ರಾಯ್ಸ್ ಹಾರ್ಲನ್ ಮುಖ ನೋಡಿದ. ಹಾರ್ಲನ್ ಕಾಫಿ ಬಸಿಯುವ ನೆಪದಲ್ಲಿ ಎದ್ದು ಒಳಗೆ ಹೋದ. ಇಪ್ಪತ್ತೇಳು ವರ್ಷದ ಅಭ್ಯಾಸ ಆರು ತಿಂಗಳಲ್ಲಿ ಬಿಟ್ಟುಹೋಗುವುದಿಲ್ಲ.

ಆದರೆ ರಾಯ್ಸ್‌ಗೆ ಆ ಕೆಲಸ ಹಿಡಿಸಿಬಿಟ್ಟಿತು. ನಿವೃತ್ತಿಯ ಮೇಲೆ ಯಾರ ಮೇಲೂ ಕೂಗಾಡಲು ಅವಕಾಶವಿಲ್ಲದೆ ಸೊರಗಿದ್ದ ಮನುಷ್ಯ. ನಾವಿಕನ ಪಾತ್ರಕ್ಕೆ ಬಂದಿದ್ದ ಆಶರ್ ಎಂಬ ತೆಳ್ಳನೆಯ ಹುಡುಗನನ್ನು ಹಿತ್ತಲಿನಲ್ಲಿ ನಿಲ್ಲಿಸಿಕೊಂಡು ದಿನಾ ಸಂಜೆ ಹಗ್ಗ ಕಟ್ಟಿಸುತ್ತಿದ್ದ.

"ಇದು ಗಂಟಾ? ನಮ್ಮಜ್ಜಿ ಶೂ ಲೇಸನ್ನ ಇದಕ್ಕಿಂತ ಗಟ್ಟಿಯಾಗಿ ಕಟ್ತಿದ್ಲು. ಬಿಚ್ಚು. ಮತ್ತೆ ಕಟ್ಟು."

"ಚೀಫ್, ಕ್ಯಾಮೆರಾ ನನ್ನ ಮುಖದ ಮೇಲಿರುತ್ತೆ, ಕೈ ಮೇಲಲ್ಲ," ಎಂದು ಆಶರ್ ಗೋಗರೆಯುತ್ತಿದ್ದ.

"ಕೈಗೆ ಗೊತ್ತಿಲ್ದೆ ಇರೋದು ಮುಖಕ್ಕೆ ಎಲ್ಲಿಂದ ಗೊತ್ತಾಗುತ್ತೋ? ಕಟ್ಟು."

ಹಾರ್ಲನ್ ಕೂಡ ಹೊರಗುಳಿಯಲಾಗಲಿಲ್ಲ. ಅವನದು ಕುರ್ಚಿ ಸೋಫಾಗಳಿಗೆ ಬಟ್ಟೆ ಹೊದಿಸಿ ಹೊಲಿಯುವ ಅಂಗಡಿ. ಇವರಿಬ್ಬರ ಪರಿಚಯವಾಗಿದ್ದೂ ಅಲ್ಲೇ. ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ರಾಯ್ಸ್ ತನ್ನ ಕ್ಯಾಪ್ಟನ್ನಿನ ಹರಿದ ಕುರ್ಚಿಯನ್ನು ಹೊತ್ತುಕೊಂಡು ಬಂದಿದ್ದ. ಈಗ ಲಿಗಾಯಾ ಆ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಹಲಗೆ ಹೊಡೆಸಿ ನಾವಿಕರ ಮಲಗುವ ಕೋಣೆ ಕಟ್ಟಿಸಿದಳು. ಒಂದರ ಮೇಲೊಂದು ಮೂರು ಮಂಚಗಳು, ಅವಕ್ಕೆ ನೀಲಿ ಪರದೆ. ಪರದೆ ಹೊಲಿದಿದ್ದು ಹಾರ್ಲನ್. ಒಂಬತ್ತು ಜನರ ತಂಡಕ್ಕೆ ಊಟ ಹಾಕಿದ್ದೂ ಅವನೇ. ಕ್ಯಾಮೆರಾ ಓಡುವಾಗ ಮಾತ್ರ ಅಂಗಡಿಯ ಮುಂಭಾಗಕ್ಕೆ ಬಂದು, ಬಾಗಿಲು ಎಳೆದುಕೊಂಡು, ಬಾಯಿತುಂಬ ಮೊಳೆ ಇಟ್ಟುಕೊಂಡು ಕುರ್ಚಿಗಳ ಜೊತೆ ಕೂರುತ್ತಿದ್ದ.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಲಿಗಾಯಾ ತನ್ನ ಕಾಗದಗಳ ಕಟ್ಟನ್ನು ಅವನ ಕತ್ತರಿಸುವ ಮೇಜಿನ ಮೇಲೆ ಮರೆತು ಹೋದಳು. ಬಟ್ಟೆ ಹರಡಬೇಕಾಗಿತ್ತು. ಕಾಗದ ಎತ್ತಿಡಲು ಹೋದ ಹಾರ್ಲನ್ ಮೇಲಿನ ಹಾಳೆ ಓದಿದ. ಹಡಗು ದಕ್ಕೆ ಸೇರುತ್ತದೆ. ಪ್ರೇಮಿ ಗುಂಪನ್ನು ಸೀಳಿಕೊಂಡು ಓಡುತ್ತಾನೆ. ಇಬ್ಬರೂ ಎಲ್ಲರೆದುರು ತಬ್ಬಿಕೊಳ್ಳುತ್ತಾರೆ. ಗುಂಪು ಮೌನವಾಗುತ್ತದೆ.

ಲಿಗಾಯಾ ಕಾಗದ ಹುಡುಕಿಕೊಂಡು ಬಂದಾಗ ಹಾರ್ಲನ್ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

"ನೀನು ಒಳ್ಳೆ ಹುಡುಗಿ. ಆದ್ರೆ ಇದು ಬುರುಡೆ," ಎಂದ.

ಅವಳಿಗೆ ನಗು ಬಂತು. "ಸಿನಿಮಾ ಅಲ್ವಾ ಅಂಕಲ್? ಜನ ಎರಡು ಗಂಟೆ ಕೂತಿರ್ತಾರೆ. ಒಂದು ಸಲನಾದ್ರೂ ಇವರು ತಬ್ಕೊಳ್ಳೋದನ್ನ ನೋಡ್ಬೇಕಲ್ಲ."

"ತಬ್ಕೊಳ್ಳಲಿ, ಬೇಡ ಅಂದೋರ್ಯಾರು? ಮನೇಲಿ ತಬ್ಕೊಳ್ಳಲಿ, ಕಿಟಕಿ ಪರದೆ ಎಳ್ಕೊಂಡು. ದಕ್ಕೆ ಮೇಲೆ ತಬ್ಕೊಂಡಿದ್ರೆ ಸೋಮವಾರದ ಹೊತ್ತಿಗೆ ಅವನ ಬಟ್ಟೆಬರೆ ಬೀದೀಲಿರ್ತಿತ್ತು."

"ಹಾಗಾದ್ರೆ ಹಡಗು ಬಂದ ದಿನ ನೀವೇನು ಮಾಡ್ತಿದ್ರಿ?"

"ತಿಂಡಿ ತಿಂತಿದ್ದೆ."

ಅವಳು ನಗಲಿಲ್ಲ. ಮೂಲೆಯಲ್ಲಿದ್ದ ಬಟ್ಟೆ ಕಿತ್ತ ಕುರ್ಚಿಯ ಚೌಕಟ್ಟಿನ ಮೇಲೆ ಹೇಗೋ ಹೊಂದಿಸಿಕೊಂಡು ಕೂತಳು. ಮುಂದೇನೂ ಕೇಳದೆ ಸುಮ್ಮನೆ ಕೂತಳು. ಹಾರ್ಲನ್‌ಗೆ ಪ್ರಶ್ನೆ ಕೇಳುವವರನ್ನು ಸಾಗಹಾಕುವುದು ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ಕೂತವರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಪೆಲಿಕನ್ ತಿಂಡಿಮನೆಯ ವಿಷಯ ಹೇಳಿದ. ಹೇಳುತ್ತ ಹೇಳುತ್ತ ತೊಂಬತ್ತೊಂದರ ಏಪ್ರಿಲ್ ತಿಂಗಳಿಗೆ ಬಂದುಬಿಟ್ಟ.

ಆ ವರ್ಷ ಕೊಲ್ಲಿಯಲ್ಲಿ ಯುದ್ಧ ನಡೆದಿತ್ತು. ರಾಯ್ಸ್ ಹೋಗಿ ಏಳು ತಿಂಗಳಾಗಿತ್ತು. ಪಕ್ಕದ ಬೀದಿಯ ವರ್ಲೀನ್ ಓಡಮ್ ಎಂಬಾಕೆಯ ಗಂಡನೂ ಅದೇ ಹಡಗಿನಲ್ಲಿದ್ದ. ಅವಳಿಗೆ ಮೂರು ವರ್ಷದ ಅವಳಿ ಹೆಣ್ಣುಮಕ್ಕಳು. ಎರಡನ್ನೂ ಒಬ್ಬಳೇ ಎತ್ತಿಕೊಂಡು ಆ ಗುಂಪಿನಲ್ಲಿ ನಿಲ್ಲಲಾರೆ, ನೀನೊಬ್ಬ ಬಾ, ನನ್ನ ತಮ್ಮ ಅಂತ ಹೇಳ್ತೀನಿ ಎಂದು ಕರೆದಳು. ಹಾರ್ಲನ್ ಇಡೀ ದಿನ ಯೋಚಿಸಿ, ಆಯಿತು ಎಂದ. ತನ್ನ ಪಿಕಪ್ಪನ್ನು ಅವಳ ಮನೆ ಮುಂದೆ ಬಿಟ್ಟು ಅವಳ ಕಾರಿನಲ್ಲಿ ಹೋದ. ಹೆಗಲ ಮೇಲೆ ಒಂದು ಮಗು ಇಟ್ಟುಕೊಂಡು ಎಲ್ಲರ ಹಿಂದೆ ನಿಂತ.

ಹಡಗು ಹತ್ತಿರ ಬಂತು. ಬಿಳಿ ಸಮವಸ್ತ್ರದವರು ಅಂಚಿನ ಕಂಬಿಯುದ್ದಕ್ಕೂ ಸಾಲುಗಟ್ಟಿದ್ದರು. ಅಲ್ಲಾಡಬಾರದೆಂದು ಅವರಿಗೆ ಆಜ್ಞೆ ಇತ್ತು. ಆದರೂ ಕಣ್ಣುಗಳು ಸುಮ್ಮನಿರುತ್ತವೆಯೇ? ಒಬ್ಬೊಬ್ಬನೂ ಕೆಳಗಿನ ಗುಂಪಿನಲ್ಲಿ ತನ್ನವರ ಮುಖ ಹುಡುಕುತ್ತಿದ್ದ. ಹಡಗಿನ ಮೂತಿಯ ಬಳಿ ಹಗ್ಗದವರ ಜೊತೆ ರಾಯ್ಸ್ ನಿಂತಿದ್ದ. ಅವನೊಬ್ಬನೇ ಹುಡುಕುತ್ತಿರಲಿಲ್ಲ. ಒಂದು ಸಲವೂ ದಕ್ಕೆಯತ್ತ ಕಣ್ಣೆತ್ತಲಿಲ್ಲ. ಹಗ್ಗ ನೋಡುತ್ತಿದ್ದ. ಈ ನಾಲ್ಕು ಸಾವಿರ ಜನರಲ್ಲಿ ತನಗಾಗಿ ಒಬ್ಬನೂ ಇಲ್ಲವೆಂದು ತಿಳಿದವನ ಮುಖ ಅದು. ಹಾರ್ಲನ್‌ಗೆ ಅದನ್ನು ನೋಡಲಾಗಲಿಲ್ಲ. ಮಗುವನ್ನು ವರ್ಲೀನ್ ಕೈಗೆ ಕೊಟ್ಟು, ಟ್ಯಾಕ್ಸಿ ಹಿಡಿದು ಪೆಲಿಕನ್‌ಗೆ ಹೋಗಿ ಎಂದಿನ ಮೇಜಿನಲ್ಲಿ ಕೂತ.

"ರಾಯ್ಸ್ ಅಂಕಲ್‌ಗೆ ಇದು ಗೊತ್ತಾ?" ಲಿಗಾಯಾ ಮೆಲ್ಲಗೆ ಕೇಳಿದಳು.

"ಇಲ್ಲ. ಹೇಳಿ ಏನು ಪ್ರಯೋಜನ? ನೀನು ಹಾಗೆ ನಿಂತಿದ್ದೆ ಅಂತ ಹೇಳಿ ಅವನ ಹೊಟ್ಟೆ ಉರಿಸ್ಲಾ?"

"ನಾನು ಇದನ್ನ ಬರ್ಕೋಬಹುದಾ?"

ಹಾರ್ಲನ್ ಕತ್ತರಿ ಎತ್ತಿಕೊಂಡ, ಮತ್ತೆ ಕೆಳಗಿಟ್ಟ. "ನಾಳೆ ತನಕ ತಡಿ," ಎಂದ. "ನಿನ್ನ ಕಾಗದದಲ್ಲಿ ಓದಿ ಅವನಿಗೆ ಗೊತ್ತಾಗೋದು ಬೇಡ."

ಅಂದು ಸಂಜೆ ಇನ್ನೂ ಬಿಸಿಲಿರುವಾಗಲೇ ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತರು. ಕರಿದ ಮೀನು, ಬೇಯಿಸಿದ ಸೊಪ್ಪು, ಬೆಣ್ಣೆ ಹಚ್ಚಿದ ಬ್ರೆಡ್ಡು. ರಾಯ್ಸ್ ಆಶರ್‌ನ ನಡಿಗೆಯನ್ನು ಅಣಕಿಸಿ ತೋರಿಸಿ ಆಗತಾನೆ ಕೂತಿದ್ದ.

"ಆ ಹುಡುಗಿಗೆ ಇವತ್ತು ಒಂದು ವಿಷಯ ಹೇಳ್ದೆ," ಹಾರ್ಲನ್ ಶುರುಮಾಡಿದ. "ನಿನಗೆ ಹೇಳದೇ ಇದ್ದಿದ್ದು."

"ನಾನು ಗೊರಕೆ ಹೊಡೆಯೋದಾ? ಅದು ಇಡೀ ನೌಕಾಸೇನೆಗೇ ಗೊತ್ತು."

"ತಮಾಷೆ ಬೇಡ, ಕೇಳು." ಹಾರ್ಲನ್ ತಟ್ಟೆ ನೋಡುತ್ತಲೇ ಎಲ್ಲವನ್ನೂ ಹೇಳಿದ. ವರ್ಲೀನ್ ಕರೆದದ್ದು, ಹೆಗಲ ಮೇಲಿನ ಮಗು, ಹಗ್ಗ ನೋಡುತ್ತಿದ್ದ ರಾಯ್ಸ್.

ರಾಯ್ಸ್ ಅಗಿಯುವುದನ್ನು ನಿಲ್ಲಿಸಿದ್ದ. ಎಲ್ಲ ಮುಗಿದ ಮೇಲೆ ಅವನು ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು.

"ಅವತ್ತು ನಿನ್ನ ಪಿಕಪ್ ಎಲ್ಲಿತ್ತು?"

"ಏನು?"

"ಪಿಕಪ್ಪು ಕಣೋ. ಆ ಹಸಿರು ಡಬ್ಬ. ಎಲ್ಲಿತ್ತು?"

"ವರ್ಲೀನ್ ಮನೆ ಮುಂದೆ."

"ಬ್ರೇಕು ರಿಪೇರಿಗೆ ಕೊಟ್ಟಿದೀನಿ ಅಂದಿದ್ದೆ ನನಗೆ."

ಹಾರ್ಲನ್ ತಲೆಯೆತ್ತಿದ. "ಅಷ್ಟು ನೆನಪಿದೆಯಾ ನಿನಗೆ? ಇಪ್ಪತ್ತೊಂದು ವರ್ಷ ಆಯ್ತಲ್ಲೋ."

ರಾಯ್ಸ್ ಎದ್ದು ನಲ್ಲಿಯ ಹತ್ತಿರ ಹೋದ. ಒಂದು ಲೋಟ ನೀರು ಹಿಡಿದ. ಕುಡಿಯದೆ ಅದನ್ನು ಹಾಗೇ ಹಿಡಿದು ನಿಂತ.

"ಹಡಗು ವಿಲೊಬಿ ದಾಟುವಾಗ ನಾನು ದುರ್ಬೀನು ಹಿಡೀತಿದ್ದೆ," ಎಂದ. "ನೀರಿನ ಮೇಲೆ ತೇಲೋ ದಾರಿಗುರುತು ನೋಡ್ತಿದೀನಿ ಅಂತ ಹುಡುಗರಿಗೆ ಹೇಳ್ತಿದ್ದೆ. ಗುರುತೂ ಇಲ್ಲ, ಮಣ್ಣೂ ಇಲ್ಲ. ಪೆಲಿಕನ್ ಮುಂದೆ ನಿನ್ನ ಗಾಡಿ ನಿಂತಿದೆಯಾ ಅಂತ ನೋಡ್ತಿದ್ದೆ."

"ಪ್ರತಿಸಲ?"

"ಪ್ರತಿಸಲ. ಇದ್ದೇ ಇರ್ತಿತ್ತು. ಅದನ್ನ ನೋಡಿದ ಮೇಲೆ ದಕ್ಕೆ ಮೇಲೆ ಯಾರಿದ್ರೆ ನನಗೇನು, ಯಾರಿಲ್ದಿದ್ರೆ ನನಗೇನು? ನನ್ನದು ಮುಗೀತು ಅಂತ ಸೀಟಿ ಹೊಡ್ಕೊಂಡು ಹಗ್ಗದ ಕೆಲಸಕ್ಕೆ ಹೋಗ್ತಿದ್ದೆ. ಆ ಒಂದು ಸಲ ಇರ್ಲಿಲ್ಲ."

ಹಾರ್ಲನ್ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. ತಾನು ದಕ್ಕೆಯ ಹಿಂದಿನ ಸಾಲಿನಲ್ಲಿ ನಿಂತು ನೋಡಿದ ಆ ಮುಖ, ಇಷ್ಟು ವರ್ಷ ಹೊತ್ತು ತಿರುಗಿದ ಆ ಮುಖ, ಪ್ರತಿಸಲದ ಮುಖವಾಗಿರಲಿಲ್ಲ. ಆ ಒಂದು ದಿನದ್ದಾಗಿತ್ತು. ಅದೂ ತಾನು ಅಲ್ಲಿಗೆ ಹೋಗಿದ್ದರಿಂದಲೇ ಬಂದದ್ದು.

"ನಾನು ಬಿಟ್ಟುಹೋದೆ ಅಂದ್ಕೊಂಡ್ಯಾ?" ಎಂದು ಕೇಳಿದ.

"ಇನ್ನೇನು ಅಂದ್ಕೋಬೇಕಿತ್ತು? ಕೊನೇ ತಿಂಗಳು ಒಂದೇ ಕಾಗದ ಬಂದಿತ್ತು ನಿನ್ನದು. ಅದ್ರಲ್ಲೂ ಚಾವಣಿ ಸೋರ್ತಿದೆ ಅನ್ನೋದು ಬಿಟ್ಟು ಬೇರೇನಿಲ್ಲ."

"ಸೋರ್ತಿತ್ತು!"

"ಟ್ಯಾಕ್ಸಿಯವನಿಗೆ ಪೆಲಿಕನ್ ಅಂತ ಹೇಳೋಕೆ ಬಾಯೇ ಬರ್ಲಿಲ್ಲ. ಹೋಗ್ಲಿ, ಒಂದು ಸಲ ನೋಡೇಬಿಡೋಣ ಅಂತ ಹೋದೆ. ನೀನು ಕೂತಿದ್ದೆ, ಏನೂ ಆಗದೇ ಇರೋನ ಹಾಗೆ. ಗಾಡಿ ಎಲ್ಲಿ ಅಂತ ಕೇಳ್ದೆ. ಬ್ರೇಕು ಅಂದೆ ನೀನು."

"ಅವತ್ತು ನೀನು ನಾಲ್ಕು ತಟ್ಟೆ ಪ್ಯಾನ್‌ಕೇಕ್ ತಿಂದೆ," ಹಾರ್ಲನ್‌ಗೆ ಥಟ್ಟನೆ ನೆನಪಾಯಿತು. "ಸುಮ್‌ಸುಮ್ನೆ ನಗ್ತಿದ್ದೆ. ಬಡಿಸೋ ಹೆಂಗಸು ಹೆದರಿಬಿಟ್ಟಿದ್ಲು. ನನಗೂ ಈ ಯುದ್ಧದಿಂದ ನಿನ್ನ ತಲೆಗೇನಾದ್ರೂ ಆಯ್ತೇನೋ ಅನ್ನಿಸಿತ್ತು."

"ಐದನೇ ತಟ್ಟೆನೂ ತಿಂತಿದ್ದೆ. ನೀನೇ ಬೇಡ ಅಂದೆ."

ಇಬ್ಬರಿಗೂ ನಗು ಬಂತು. ಒಬ್ಬ ನಿಲ್ಲಿಸಿದರೆ ಇನ್ನೊಬ್ಬ ಶುರುಮಾಡುತ್ತಿದ್ದ. ನಗುವಿನ ನಡುವೆ ಹಾರ್ಲನ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ದುರ್ಬೀನಿನ ವಿಷಯ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸುಮ್ನಿರ್ತಿದ್ದಾ? ಗಾಡಿ ಮೇಲೆ ಹತ್ತಿ ಟವೆಲ್ ಬೀಸ್ತಿದ್ದೆ."

"ಖಂಡಿತ ಬೀಸ್ತಿದ್ದೆ."

ರಾಯ್ಸ್ ಮತ್ತೆ ಬಂದು ಕೂತ. ಬೇರೆ ದನಿಯಲ್ಲಿ, "ಆ ಸಲದ್ದು ಕೇಳೋಕೆ ಹೆದರಿಕೆ ಆಯ್ತು. ಕೇಳಿದ್ರೆ ನಿಜವಾಗ್ಲೂ ಹೋಗೋಕೆ ಹೊರಟಿದ್ದೆ ಅಂತ ನೀನು ಹೇಳಿಬಿಟ್ರೆ? ಅದಕ್ಕೇ ಬ್ರೇಕು ಅಂದಿದ್ದನ್ನೇ ನಂಬ್ಕೊಂಡೆ," ಎಂದ. ಮೀನು ತಣ್ಣಗಾಗಿತ್ತು. ಅದನ್ನೇ ತಿಂದರು.

ಮರುದಿನ ಲಿಗಾಯಾ ಇಬ್ಬರ ಮಾತನ್ನೂ ಕೇಳಿಸಿಕೊಂಡು, ತಬ್ಬಿಕೊಳ್ಳುವ ಹಾಳೆಯನ್ನು ಅವರೆದುರೇ ಹರಿದಳು. ಹೊಸದಾಗಿ ಬರೆದಳು. ದಡದಲ್ಲಿ ನಿಂತ ಗಾಡಿಯನ್ನು ಹಡಗಿನಿಂದ ನೋಡಬೇಕಲ್ಲ, ಹಡಗಿಲ್ಲ. ರಾಯ್ಸ್ ತನಗೆ ಗೊತ್ತಿದ್ದ ಏಡಿ ಹಿಡಿಯುವವನೊಬ್ಬನ ದೋಣಿ ಕೇಳಿ ತಂದ. ಪೆಲಿಕನ್ ಮುಚ್ಚಿ ಎಷ್ಟೋ ವರ್ಷವಾಗಿ, ಆ ಕಟ್ಟಡದಲ್ಲಿ ಈಗ ಗಾಳ ಮಾರುವ ಅಂಗಡಿ ಇತ್ತು. ಅದರ ಮುಂದೆ ಎಲ್ಲಿಂದಲೋ ತಂದ ಹಳೆ ಪಿಕಪ್ಪೊಂದಕ್ಕೆ ಹಸಿರು ಬಳಿದು ನಿಲ್ಲಿಸಿದರು. ದೋಣಿ ಕುಲುಕಾಡಿ ಕ್ಯಾಮೆರಾದವನು ಎರಡು ಸಲ ವಾಂತಿ ಮಾಡಿಕೊಂಡ. ಆಶರ್ ಮಾತ್ರ ಕಾಲು ಅಗಲಿಸಿ ಗಟ್ಟಿಯಾಗಿ ನಿಂತು ದುರ್ಬೀನು ಹಿಡಿದ. ರಾಯ್ಸ್ ಅವನ ಬೆನ್ನು ತಟ್ಟಿದ.

ದಕ್ಕೆಯ ದೃಶ್ಯವನ್ನು ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ತೆಗೆಯುವುದೆಂದಾಯಿತು. ನೌಕಾಸೇನೆಯ ದಕ್ಕೆ ಸಿಗುವ ಮಾತೇ ಇರಲಿಲ್ಲ. ಊರಿನವರು ಗಾಳ ಹಾಕಲು ಹೋಗುವ ಒಂದು ಹಳೆ ಕಟ್ಟೆಗೆ ಮಧ್ಯಾಹ್ನ ಒಂದರವರೆಗೆ ಅನುಮತಿ ಸಿಕ್ಕಿತ್ತು. ಹಡಗು ತೋರಿಸುವುದಿಲ್ಲ, ಕಾಯುವವರ ಮುಖಗಳನ್ನಷ್ಟೇ ತೋರಿಸುತ್ತೇನೆ ಎಂದಳು ಲಿಗಾಯಾ. ಊರಿನಲ್ಲಿ ನಾಲ್ಕು ಮನೆಗೊಂದು ನೌಕಾಸೇನೆಯ ಮನೆ. ಕಾಯುವುದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಐವತ್ತು ಜನ ಬಂದರು. ವರ್ಲೀನ್ ಓಡಮ್ ಚರ್ಚಿಗೆ ಹಾಕಿಕೊಳ್ಳುವ ಹಳದಿ ಟೋಪಿ ಹಾಕಿಕೊಂಡು ಬಂದಳು. ಬೆನಿಗ್ನೊ ಮಗ್ಸಿನೊ ತನ್ನ ವ್ಯಾನಿನ ಹಿಂದೆ ದೊಡ್ಡ ತಟ್ಟೆಗಳ ತುಂಬ ಹುರಿದ ಶಾವಿಗೆಯನ್ನೂ, ಮಾಂಸ ತುಂಬಿ ಕರಿದ ಸುರುಳಿಗಳನ್ನೂ ಹೊತ್ತು ತಂದ.

ರಾಯ್ಸ್ ಅವನ ಹತ್ತಿರ ಹೋಗಿ, ಒಂದು ಸುರುಳಿ ಬಾಯಿಗೆ ಹಾಕಿಕೊಂಡು, ಅತ್ತಿತ್ತ ನೋಡಿ ಕೇಳಿದ. "ಬೆನ್ನಿ, ನಿನಗೆ ಯಾವಾಗಿಂದ ಗೊತ್ತು?"

"ಏನು ಚೀಫ್?"

"ಏನು ಅಂತೆ! ನನ್ನ ವಿಷಯ."

"ಓ, ಅದಾ. ನೀವು ಹಡಗಿಗೆ ಬಂದ ಎರಡನೇ ವಾರದಿಂದ." ಬೆನಿಗ್ನೊ ಇಕ್ಕಳದಿಂದ ಶಾವಿಗೆ ಕೆದಕುತ್ತ ಹೇಳಿದ. "ನಮಗೆಲ್ಲ ಸರ್ಕಾರ ಕೊಟ್ಟ ಹಾಸಿಗೆ, ಹಲಗೆ ಹಲಗೆ. ನಿಮ್ಮ ಹಾಸಿಗೆಗೆ ಮಾತ್ರ ಒಂದು ಹೊದಿಕೆ, ನಾಲ್ಕೂ ಮೂಲೆಗೆ ಎರಡೆರಡು ಹೊಲಿಗೆ, ದಿಂಬಿನ ಅಂಚಿಗೆ ಮಡಿಕೆ. ಅಂಗಡೀಲಿ ಅಂಥದ್ದು ಸಿಗಲ್ಲ. ಯಾರೋ ನಿಮ್ಮ ಮಂಚದ ಅಳತೆ ತರಿಸ್ಕೊಂಡು, ಕೂತು ಹೊಲಿದಿದ್ದಾರೆ ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಯಾರು ಹೊಲಿದಿದ್ದು ಅಂದೆ. ಮನೆ ಮಾಲೀಕ ಅಂದ್ರಿ." ಅವನು ಹಾರ್ಲನ್ ಕಡೆ ತಿರುಗಿದ. "ನಾನೂ ಮೂವತ್ತು ವರ್ಷ ಬಾಡಿಗೆ ಮನೇಲಿದ್ದೆ ಸಾರ್. ನನ್ನ ಮಾಲೀಕ ನನಗೊಂದು ಕರ್ಚೀಫೂ ಹೊಲಿದು ಕೊಟ್ಟಿಲ್ಲ."

ಹಾರ್ಲನ್ ಕಿವಿ ಕೆಂಪಾಯಿತು. ರಾಯ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬೆನಿಗ್ನೊನ ತೋಳು ಹಿಡಿದು, "ಯಾರಿಗೂ ಹೇಳ್ಲಿಲ್ವಲ್ಲೋ ನೀನು," ಎಂದ. "ಆಲೂಗಡ್ಡೆ ಸುಲಿಯೋದೇ ಬೆಟ್ಟದಷ್ಟಿತ್ತು ಚೀಫ್," ಎಂದ ಬೆನಿಗ್ನೊ. ಆದರೆ ಅವನೂ ಕೈ ಬಿಡಿಸಿಕೊಳ್ಳಲಿಲ್ಲ.

ಚಿತ್ರೀಕರಣ ಶುರುವಾದರೆ ಹೊಸ ತಕರಾರು. ಹಡಗಿಲ್ಲವಾದ್ದರಿಂದ ದೂರದಲ್ಲಿದ್ದ ಬಂದರಿನ ಕ್ರೇನನ್ನು ನೋಡಿ ಎಂದು ಲಿಗಾಯಾ ಜನರಿಗೆ ಹೇಳಿದ್ದಳು. ಐವತ್ತು ಜನರೂ ಕ್ರೇನನ್ನು ನೋಡಿದರು. ಕ್ರೇನ್ ನೋಡುವ ಮುಖವನ್ನೇ ಮಾಡಿಕೊಂಡು ನೋಡಿದರು.

"ಆಗಲ್ಲ ಇದು. ಅಲ್ಲಿ ಮನುಷ್ಯ ಬೇಕು," ಎಂದಳು ಅವಳು.

ಬಂದವರಲ್ಲಿ ಒಬ್ಬನದು ಮರದ ಕೊಂಬೆ ಕಡಿಯುವ ಕಸುಬು. ಎತ್ತರದ ತೋಳಿನ ತುದಿಗೆ ಬುಟ್ಟಿ ಇರುವ ಅವನ ಲಾರಿ ಅಲ್ಲೇ ನಿಂತಿತ್ತು. ಕಟ್ಟೆಯ ಬುಡಕ್ಕೆ ಅದನ್ನು ತಂದು ನಿಲ್ಲಿಸಿದರು. ಹಡಗಿನ ಎತ್ತರಕ್ಕೆ ಬುಟ್ಟಿಯಲ್ಲಿ ನಿಲ್ಲುವವರು ಯಾರು? ಆಶರ್‌ಗೆ ಎತ್ತರವೆಂದರೆ ತಲೆ ಸುತ್ತುತ್ತಿತ್ತು. ಯಾರೂ ಕೇಳುವ ಮೊದಲೇ ರಾಯ್ಸ್ ಬುಟ್ಟಿಯೊಳಗೆ ಕಾಲಿಟ್ಟಿದ್ದ.

"ಹಾರ್ಲನ್ ಅಂಕಲ್, ಹಿಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ ಇದೆ," ಎಂದಳು ಲಿಗಾಯಾ.

"ನನಗೆ ನಟನೆ ಬರಲ್ಲಮ್ಮ. ತಟ್ಟೆ ಜೋಡಿಸೋದಿದೆ," ಎಂದು ಹಾರ್ಲನ್ ವ್ಯಾನಿನ ಕಡೆ ತಿರುಗಿದ.

ವರ್ಲೀನ್ ಅವನ ಮೊಣಕೈ ಹಿಡಿದಳು. ಅರವತ್ತಾಗಿದ್ದರೂ ಹಿಡಿತ ಗಟ್ಟಿಯಾಗಿತ್ತು. "ಅವತ್ತು ಮಗೂನ ನನ್ನ ಕೈಗೆ ತುರುಕಿ ಯಾಕೆ ಓಡ್ದೆ ಅಂತ ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ ಚಿನ್ನ? ಇವತ್ತು ಮಗೂನೂ ಇಲ್ಲ, ಟ್ಯಾಕ್ಸಿನೂ ಇಲ್ಲ. ಸುಮ್ನೆ ನಿಂತ್ಕೋ."

ನಿಂತ. ವರ್ಲೀನ್ ಟೋಪಿಯ ಪಕ್ಕದಲ್ಲಿ, ಯಾರೋ ಬರೆದ ಸ್ವಾಗತದ ಬಟ್ಟೆಯ ಹಿಂದೆ. ಲಾರಿಯವನು ಹಾರ್ನ್ ಒತ್ತಿದ. ಅದು ಹಡಗಿನ ಕೂಗಿನ ಹಾಗೇನೂ ಇರಲಿಲ್ಲ, ಆದರೆ ಜೋರಾಗಿತ್ತು. ಬುಟ್ಟಿ ಮೆಲ್ಲಗೆ ಮೇಲೇರಿ, ಅವರ ತಲೆಗಳ ಮೇಲೆ ಇಪ್ಪತ್ತೈದು ಅಡಿ ಎತ್ತರದಲ್ಲಿ ನಿಂತಿತು. ಅದರ ಅಂಚು ಹಿಡಿದು ರಾಯ್ಸ್ ನೆಟ್ಟಗೆ ನಿಂತಿದ್ದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು.

ಅವನಿಗೆ ಯಾರೂ ಏನೂ ಮಾಡಲು ಹೇಳಿರಲಿಲ್ಲ. ಕ್ಯಾಮೆರಾ ಅವನ ಮೇಲಿರಲಿಲ್ಲ. ಅವನು ಮುಂದಿನ ಸಾಲಿನ ಮೊದಲ ಮುಖ ನೋಡಿದ. ಆಮೇಲೆ ಅದರ ಪಕ್ಕದ್ದು. ಅದರ ಪಕ್ಕದ್ದು. ಹಾರ್ಲನ್ ಎಲ್ಲಿದ್ದಾನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಮೇಲೇರುವಾಗಲೇ ನೋಡಿದ್ದ. ಆದರೂ ಒಂದು ಮುಖವನ್ನೂ ಬಿಡದೆ, ಅವಸರ ಮಾಡದೆ, ಸಾಲು ಸಾಲಾಗಿ ಹುಡುಕುತ್ತ ಬಂದ. ಎರಡನೇ ಸಾಲು. ಮೂರನೇ ಸಾಲು. ಹಳದಿ ಟೋಪಿ ದಾಟಿ ಆ ಕಣ್ಣು ಹಾರ್ಲನ್ ಮೇಲೆ ಬಂದು ನಿಂತಿತು. ರಾಯ್ಸ್ ತಲೆಯ ಮೇಲಿನ ಕ್ಯಾಪು ತೆಗೆದ.

"ಇಲ್ಲಿ ಕಣೋ! ಇಲ್ಲಿದೀನಿ!" ಹಾರ್ಲನ್ ಎರಡೂ ಕೈ ಎತ್ತಿ ಕೂಗಿಬಿಟ್ಟ.

ಧ್ವನಿ ಹಿಡಿಯುವ ಹುಡುಗಿ ಬೆಚ್ಚಿ ಕಿವಿಯ ಮೇಲಿನ ಯಂತ್ರ ಕಿತ್ತಳು. ಜನ ತಿರುಗಿ ನೋಡಿದರು, ಯಾರೋ ಚಪ್ಪಾಳೆ ತಟ್ಟಿದರು. ವರ್ಲೀನ್ ಮಾತ್ರ ತಿರುಗದೆ ಮೇಲೆ ನೋಡುತ್ತಲೇ ಇದ್ದಳು, ಕೆನ್ನೆ ಒದ್ದೆಯಾಗಿತ್ತು. ಅವಳ ಗಂಡ ತೀರಿಹೋಗಿ ಮೂರು ವರ್ಷವಾಗಿತ್ತು.

"ತುಂಬ ಚೆನ್ನಾಗಿತ್ತು," ಎಂದಳು ಲಿಗಾಯಾ, ಮೂಗು ಒರೆಸಿಕೊಳ್ಳುತ್ತ. "ಇನ್ನೊಂದ್ಸಲ. ಈ ಸಲ ಕೂಗಬೇಡಿ ಅಂಕಲ್."

ಇನ್ನೂ ನಾಲ್ಕು ಸಲ ತೆಗೆದರು. ನಾಲ್ಕು ಸಲವೂ ರಾಯ್ಸ್ ಮೊದಲ ಮುಖದಿಂದಲೇ ಶುರುಮಾಡಿದ. ಹಾರ್ಲನ್ ಕೂಗಲಿಲ್ಲ, ಆದರೆ ಕೈ ತಾನಾಗಿ ಮೇಲೇಳುತ್ತಿತ್ತು. ಐದನೆಯದು ಮುಗಿದ ಮೇಲೆ ಬುಟ್ಟಿ ಸಿಕ್ಕಿಹಾಕಿಕೊಂಡು ಕೆಳಗಿಳಿಯಲಿಲ್ಲ. ಲಾರಿಯವನು ಅದನ್ನು ಸರಿಮಾಡುವವರೆಗೆ, ಕಾಲು ಗಂಟೆ ಹೊತ್ತು, ರಾಯ್ಸ್ ಮೇಲಿನಿಂದಲೇ ಎಲ್ಲರಿಗೂ ಆಜ್ಞೆ ಕೊಡುತ್ತಿದ್ದ. ಹಗ್ಗ ಎಸೆದು, ಊಟವನ್ನೂ ಅದಕ್ಕೆ ಕಟ್ಟಿ ಮೇಲೆ ಕಳಿಸಬೇಕಾಯಿತು.

ಸಿನಿಮಾ ಮರುವರ್ಷ ವಸಂತದಲ್ಲಿ ಊರಿನ ಕಾಲೇಜಿನ ಸಭಾಂಗಣದಲ್ಲಿ ಮೊದಲ ಸಲ ತೆರೆಗೆ ಬಂತು. ನೂರಾ ನಲವತ್ತು ಜನ ಇದ್ದರು. ಏಳೆಂಟು ಮಂದಿ ಅರ್ಧಕ್ಕೇ ಎದ್ದುಹೋದರು, ಅವರಲ್ಲಿ ಇಬ್ಬರು ರಾಯ್ಸ್‌ಗೆ ಗೊತ್ತಿದ್ದ ಹಳೆಯ ನಾವಿಕರು. ಹೋಗಲಿ ಬಿಡು ಎಂದ ರಾಯ್ಸ್, ಆದರೆ ಅವರು ಹೋದ ಬಾಗಿಲನ್ನು ಎರಡು ಸಲ ತಿರುಗಿ ನೋಡಿದ. ದಕ್ಕೆಯ ದೃಶ್ಯದಲ್ಲಿ ಲಿಗಾಯಾ ಮೊದಲನೇ ಸಲದ್ದನ್ನೇ ಇಟ್ಟು, ದನಿ ತೆಗೆದುಹಾಕಿದ್ದಳು. ಆರು ಸೆಕೆಂಡು ಹೊತ್ತು ಪರದೆಯ ತುಂಬ ಹಾರ್ಲನ್, ಎರಡೂ ಕೈ ಮೇಲೆ, ಬಾಯಿ ತೆರೆದು. "ನನ್ನ ಹಲ್ಲು ಇಷ್ಟು ಹಳದಿನಾ?" ಎಂದು ಹಾರ್ಲನ್ ಕತ್ತಲಲ್ಲಿ ಕೇಳಿದ. ಮುಂದಿನ ಸಾಲಿನವರು ಶ್ ಎಂದರು. ಸಿನಿಮಾ ಇನ್ನೂ ಐದಾರು ಊರುಗಳಿಗೆ ಹೋಯಿತು. ದೊಡ್ಡ ಹೆಸರೇನೂ ಬರಲಿಲ್ಲ. ಲಿಗಾಯಾ ಮತ್ತೆ ಮದುವೆಗಳ ವೀಡಿಯೊ ತೆಗೆಯುತ್ತ, ಇನ್ನೊಂದು ಕಥೆ ಬರೆಯತೊಡಗಿದಳು.

ಅವಳು ತೆಗೆದ ಮದುವೆಗಳಲ್ಲಿ ಒಂದು ಇವರದೇ. ವರ್ಜೀನಿಯಾದಲ್ಲಿ ಆಗ ಇನ್ನೂ ಅದಕ್ಕೆ ಅವಕಾಶವಿರಲಿಲ್ಲ. ಜೂನ್ ಕೊನೆಯಲ್ಲಿ ನಾಲ್ಕು ಗಂಟೆ ದಾರಿ ಕಾರಿನಲ್ಲಿ ಹೋಗಿ, ವಾಷಿಂಗ್ಟನ್ನಿನ ನ್ಯಾಯಾಲಯದಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿಕೊಂಡು ಬಂದರು. ಆ ಸೆಪ್ಟೆಂಬರಿನಲ್ಲಿ, ಸೇನೆಯವರ ಗಂಡಂದಿರಿಗೂ ಹೆಂಡತಿಯರಿಗೂ ಕೊಡುವ ಗುರುತಿನ ಚೀಟಿ ಇನ್ನು ಇಂಥ ಜೋಡಿಗಳಿಗೂ ಸಿಗುತ್ತದೆ ಎಂದು ಸುದ್ದಿ ಬಂತು. ರಾಯ್ಸ್ ಮರುದಿನವೇ ಹಾರ್ಲನ್‌ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಹೊರಡಿಸಿದ.

ಕಚೇರಿಯಲ್ಲಿದ್ದ ನಾವಿಕ ಹುಡುಗಿ ಕಾಗದಗಳನ್ನು ನೋಡಿ, ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ, "ಎಷ್ಟು ವರ್ಷದಿಂದ ಜೊತೆಗಿದ್ದೀರಿ ಸಾರ್?" ಎಂದಳು.

"ಇಪ್ಪತ್ತೆಂಟು."

"ನನ್ನ ವಯಸ್ಸಿಗಿಂತ ಐದು ಜಾಸ್ತಿ," ಎಂದು ಅವಳು ಕ್ಯಾಮೆರಾ ತಿರುಗಿಸಿದಳು. "ಇಲ್ಲಿ ನೋಡಿ."

ಫೋಟೊದಲ್ಲಿ ಹಾರ್ಲನ್ ಕಳ್ಳನ ಹಾಗೆ ಕಾಣುತ್ತಿದ್ದ. ಇನ್ನೊಂದು ತೆಗೆಯಿರಿ ಎಂದರೆ ಆಕೆ ಒಪ್ಪಲಿಲ್ಲ. ಅದೇ ಚೀಟಿ ತೋರಿಸಿ ಇಬ್ಬರೂ ಸೇನೆಯವರ ದಿನಸಿ ಅಂಗಡಿಯೊಳಗೆ ಹೋದರು. ಹಾರ್ಲನ್ ಒಂದೊಂದು ಸಾಲನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿದ. ಪೀಚ್ ಹಣ್ಣಿನ ಡಬ್ಬಗಳಲ್ಲಿ ಮೂರು ಬಗೆ ಇತ್ತು. ಸಕ್ಕರೆ ಪಾಕದ್ದು ಬೇಕೆಂದು ಅವನು, ವೈದ್ಯರು ಬೇಡ ಅಂದಿದ್ದಾರೆಂದು ರಾಯ್ಸ್. ಸಾಮಾನಿನ ತಳ್ಳುಗಾಡಿಯನ್ನು ನಡುವೆ ನಿಲ್ಲಿಸಿಕೊಂಡು ಗಟ್ಟಿಯಾಗಿಯೇ ಜಗಳವಾಡಿದರು. ಹಿಂದೆ ಬಂದ ಒಬ್ಬ ಅಧಿಕಾರಿಯ ಹೆಂಡತಿ, "ಸ್ವಲ್ಪ ದಾರಿ ಬಿಡ್ತೀರಾ?" ಎಂದು ಕೇಳಿ, ಇಬ್ಬರ ನಡುವಿನಿಂದ ಕೈಚಾಚಿ, ತನಗೆ ಬೇಕಾದ ಡಬ್ಬ ತೆಗೆದುಕೊಂಡು ಹೋದಳು.